ಪಪ್ಪನ ಉದ್ದ ಸ್ಕ್ರೂಡ್ರೈವರ್

ಕಾರ್ಕಳ, ಭಾನುವಾರ

ಪ್ರೀತಿಯ ಪಪ್ಪಾ,

ಫೋನಿನಲ್ಲಿ ಬ್ಯಾಟರಿ ರಿಕ್ಷಾದ ಸುದ್ದಿ ತೆಗೆದರೆ ನೀವು ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ.

ನಿಮ್ಮ ಉದ್ದ ಸ್ಕ್ರೂಡ್ರೈವರಿಗಾಗಿ ಸಂತೆಕಟ್ಟೆಯ ಗ್ಯಾರೇಜಿಡೀ ಹುಡುಕಬೇಡಿ. ಇಲ್ಲಿಗೆ ಬ್ಯಾಟರಿ ಗಾಡಿ ರಿಪೇರಿಯ ತರಬೇತಿಗೆ ಬರುವಾಗ ನಾನೇ ತಂದಿದ್ದೇನೆ.

ನಿನ್ನೆ ಒಂದು ಬ್ಯಾಟರಿ ರಿಕ್ಷಾ ಬಂತು. ಓಡುವಾಗ ನಡುಗುತ್ತದಂತೆ. ಲ್ಯಾಪ್‌ಟಾಪ್ ಜೋಡಿಸಿದರೆ ಎಲ್ಲ ಸರಿ ಉಂಟು ಅಂತ ತೋರಿಸಿತು. ನಾನು ನಿಮ್ಮ ಹಾಗೆಯೇ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟೆ. "ಇದು ಡೀಸೆಲ್ ಇಂಜಿನ್ ಅಲ್ಲ ಮಾರಾಯ್ತಿ" ಎಂದು ಜೊತೆಗೆ ಕಲಿಯುವವರೆಲ್ಲ ನಕ್ಕರು. ಆದರೆ ನೀವು ಯಾವಾಗಲೂ ಹೇಳುವ ಆ ಜೀರುಂಡೆಯ ಸದ್ದು ಒಳಗೆ ಸಣ್ಣಗೆ ಕೇಳುತ್ತಿತ್ತು. ಬೇರಿಂಗ್ ಹೋಗಿದೆ ಎಂದೆ. ಬಿಚ್ಚಿ ನೋಡಿದರು. ಹೋಗಿತ್ತು.

ಇದನ್ನು ಯಾರು ಕಲಿಸಿದ್ದು ಎಂದು ನಮ್ಮ ಸರ್ ಕೇಳಿದರು. ನಿಮ್ಮ ಹೆಸರು ಹೇಳುವಾಗ ನನ್ನ ಸ್ವರ ಸ್ವಲ್ಪ ದೊಡ್ಡದೇ ಆಯಿತು.

ಡೀಸೆಲ್ ಗಾಡಿಗಳ ಕಾಲ ಮುಗಿದ ದಿನ ಗ್ಯಾರೇಜಿನ ಶಟರ್ ಎಳೆಯುತ್ತೇನೆ ಎಂದಿದ್ದಿರಿ. ಎಳೆಯಬೇಡಿ. ಬುಧವಾರ ನೀವೇ ಬಂದು ನಮಗೆ ಒಂದು ಪಾಠ ಮಾಡಬೇಕಂತೆ, ಸರ್ ಹೇಳಿದ್ದಾರೆ.

ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಹಾಕುವ ಬಿಳಿ ಅಂಗಿ ಬೇಡ. ಗ್ಯಾರೇಜಿನದ್ದೇ ಹಾಕಿ ಬನ್ನಿ. ಆ ಎಣ್ಣೆ ಕಲೆಗಳನ್ನು ಎಲ್ಲರೂ ನೋಡಲಿ.

ನಿಮ್ಮ ಮಗಳು,
ಲವಿಟಾ