ಬಳಿದವರು ನೀವು, ನೋಟಿಸು ಮಾರಣ್ಣನಿಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನನ್ನ ಕಾರಿನ ಚಾಲಕ ಮಾರಣ್ಣನ ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು ಎಂದು ಕೇಳಿ ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ‘ನಿಯಮಬಾಹಿರವಾಗಿ ತೀವ್ರ ಬೆಳಕಿನ ದೀಪಗಳನ್ನು ಅಳವಡಿಸಿಕೊಂಡು ಅಜಾಗರೂಕತೆಯಿಂದ ಚಲಾಯಿಸಿ’ ಆತ ಅಪಘಾತ ಮಾಡಿದನೆಂಬುದು ಆರೋಪ. ಅಪಘಾತವಾದ ದಿನ ಆ ದೀಪಗಳ ಮೇಲಿನ ಅರ್ಧ ಭಾಗ ಕರಿ ಬಣ್ಣದಿಂದ ಮುಚ್ಚಿಹೋಗಿತ್ತು. ಅದೇ ವಾರ ಆ ಬಣ್ಣ ಬಳಿದದ್ದು ನಿಮ್ಮದೇ ಇಲಾಖೆ. ಬೆಳಕು ಹೆಚ್ಚಾಗಿ ರಸ್ತೆಯ ಮೇಲಿನ ಕಲ್ಲು ಕಾಣದೆ ಹೋಯಿತು ಎಂಬ ಸುದ್ದಿಯನ್ನು ನಾನು ಇಷ್ಟು ವರ್ಷ ಪತ್ರಿಕೆ ಓದಿದರೂ ಎಲ್ಲಿಯೂ ಕಂಡವನಲ್ಲ. ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಕಾರಣವಿದೆ. ನೀವು ಬ್ರಶ್ಶು ಹಿಡಿದು ಲಾರಿಯೊಂದರ ದೀಪದ ಮುಂದೆ ನಗುತ್ತ ನಿಂತ ಚಿತ್ರ ಇದೇ ಪತ್ರಿಕೆಯಲ್ಲಿ ಬಂದಿತ್ತು. ಬಳಿದದ್ದನ್ನು ಓದಿದ ಜನ ಬಳಿದ ಮೇಲೆ ಏನಾಯಿತು ಎಂಬುದನ್ನೂ ಓದಲಿ.

ನಾನು ಕೊಟ್ಟೂರಿನಲ್ಲಿ ಜವಳಿ ವ್ಯಾಪಾರ ಮಾಡುವವನು. ನನ್ನಲ್ಲಿರುವುದು ಹಳೆಯ ಡೀಸೆಲ್ ಅಂಬಾಸಿಡರ್. ಅದರ ಮೂಲ ದೀಪಗಳ ಬೆಳಕು ಎಷ್ಟಿತ್ತೆಂದರೆ, ದೀಪ ಉರಿಯುತ್ತಿದೆಯೇ ಎಂದು ನೋಡಲು ಮಾರಣ್ಣ ಕೆಳಗಿಳಿದು ಗಾಜಿಗೆ ಕೈಯೊಡ್ಡಿ ನೋಡುತ್ತಿದ್ದ. ಕೂಡ್ಲಿಗಿಯ ಆಟೋ ಎಲೆಕ್ಟ್ರಿಷಿಯನ್ ಅಂಜಿನೇಯಲು ಅವುಗಳಿಗೆ ಹ್ಯಾಲೊಜೆನ್ ಬಲ್ಬು ಹಾಕಿದ. ಮೊದಲು ಹಾಕಿದ್ದು ಲಾರಿಯವರು ಇಷ್ಟಪಡುವ ಭಾರಿ ವಾಟಿನ ಬಲ್ಬು. ಹಡಗಲಿ ಮುಟ್ಟುವುದರೊಳಗೆ ಸುಟ್ಟ ವಾಸನೆ ಬಂತು, ಸ್ವಿಚ್ಚು ಮೇಣದಂತೆ ಕರಗಿತ್ತು. ಆ ಬಲ್ಬು ತೆಗೆಸಿ ಸಾಧಾರಣ ವಾಟಿನ ಹ್ಯಾಲೊಜೆನ್ ಹಾಕಿಸಿದೆವು. ದಪ್ಪ ವೈರನ್ನು ಬ್ಯಾಟರಿಯಿಂದಲೇ ನೇರವಾಗಿ ಎಳೆಸಿ, ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ನಡುವೆ ರಿಲೇ ಕೂರಿಸಿದೆವು. ಹಾಗಿದ್ದರೂ ಎಡಗಡೆಯ ದೀಪ ಮಂಕಾಗಿತ್ತು. ಅದರ ಅರ್ಥಿಂಗ್ ವೈರನ್ನು ಕಾರಿನ ತಗಡಿಗೆ ತಾಗದಂತೆ ಅದರ ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣ ಕೆರೆದು ಬಿಗಿದಾಗ ಸರಿಹೋಯಿತು. ನಿಮ್ಮ ನೋಟಿಸಿನ ‘ತೀವ್ರ ಬೆಳಕು’ ಎಂದರೆ ಇಷ್ಟೇ ಸ್ವಾಮಿ: ಬಲ್ಬಿಗೆ ನ್ಯಾಯವಾಗಿ ಸಲ್ಲಬೇಕಾದ ಕರೆಂಟು ಸಂದಿದೆ.

ಎದುರಿನವರ ಕಣ್ಣು ಕುಕ್ಕುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕುಕ್ಕುತ್ತಿತ್ತು. ಅಂಜಿನೇಯಲು ನಮ್ಮ ಗೋದಾಮಿನ ಸುಣ್ಣದ ಗೋಡೆಗೆ ಬೆಳಕು ಬಿಟ್ಟು ದೀಪಗಳನ್ನು ನೆಲಕ್ಕೆ ಬಾಗಿಸಿ ಕೊಟ್ಟಿದ್ದ. ಆದರೂ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಎದುರು ಬಂದ ಟ್ರ್ಯಾಕ್ಸಿನವನು ಗಾಡಿ ನಿಲ್ಲಿಸಿ, “ಕಣ್ಣು ಕೀಳಾಕ ಹೊಂಟೀಯೇನಲೇ?” ಎಂದು ಬೈದು ಹೋದ. ಎಲ್ಲಿ ತಪ್ಪಾಯಿತೆಂದು ಹುಡುಕಿದಾಗ ನಮಗೇ ನಗು ಬಂತು. ಗೋಡೆಯ ಮುಂದೆ ನಿಂತದ್ದು ಖಾಲಿ ಕಾರು. ನಮ್ಮ ಸೀಮೆಯಲ್ಲಿ ಖಾಲಿ ಓಡುವ ಕಾರು ಯಾವುದಿದೆ? ಹಿಂದೆ ನಾಲ್ವರು ಕುಳಿತು ಡಿಕ್ಕಿಗೆ ಜವಳಿ ಗಂಟು ಬಿದ್ದರೆ ಬಾಲ ಕುಸಿಯುತ್ತದೆ, ಮೂತಿ ಎದ್ದು ಬೆಳಕು ಮರದ ತುದಿಗೆ ಹೋಗುತ್ತದೆ. ಮರುದಿನ ದೀಪ ಹಚ್ಚುವ ಹೊತ್ತಿಗೆ ಗಂಟುಗಳನ್ನು ಹೇರಿ, ನನ್ನ ಹೆಂಡತಿ ನೀಲಗಂಗಮ್ಮನನ್ನೂ ನೆರೆಮನೆಯವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಮತ್ತೆ ಗೋಡೆಗೆ ಬೆಳಕು ಬಿಟ್ಟೆವು. ಈಕೆ ಮಿಸುಕದೆ ಕುಳಿತದ್ದನ್ನು ಕಂಡು ಅಂಜಿನೇಯಲು, “ಅಮ್ಮಾರ, ಉಸುರು ಬಿಡ್ರಿ. ಉಸುರು ಹಿಡಿದ್ರ ತೂಕ ಕಮ್ಮಿ ಆಗಂಗಿಲ್ಲ” ಎಂದ. “ನೀನು ಮದ್ಲು ಸ್ಕ್ರೂ ತಿರುವಪ್ಪ, ನನ್ನ ತೂಕ ಆಮ್ಯಾಗ ನೋಡೀವಂತಿ” ಎಂದಳು ಈಕೆ. ಆ ಸಂಜೆಯ ನಂತರ ರಸ್ತೆಯಲ್ಲಿ ನಮ್ಮನ್ನು ಒಬ್ಬರೂ ಬೈದಿಲ್ಲ. ನಿಮ್ಮ ಕಚೇರಿಯಲ್ಲಿ ಪರೀಕ್ಷೆಗೊಳಗಾದ ಎಷ್ಟು ವಾಹನಗಳಿಗೆ ಇಷ್ಟು ಪರೀಕ್ಷೆ ನಡೆದಿದೆ, ದಯವಿಟ್ಟು ತಿಳಿಸಿ.

ಇನ್ನು ನಿಮ್ಮ ಸುರಕ್ಷತಾ ಸಪ್ತಾಹದ ವಿಚಾರ. ಕೂಡ್ಲಿಗಿಯ ಹೆದ್ದಾರಿಯಲ್ಲಿ ಮಟಮಟ ಮಧ್ಯಾಹ್ನ ನಮ್ಮ ಕಾರನ್ನು ತಡೆದರು. ನಾನು ಒಳಗಿದ್ದೆ. ನಿಮ್ಮ ಸಿಬ್ಬಂದಿಯೊಬ್ಬರು ಕರಿ ಬಣ್ಣದ ಡಬ್ಬಿ ಹಿಡಿದು ಬಂದರು. ಮಾರಣ್ಣ ಕೈಮುಗಿದು, “ಸಾರ್, ಡಿಪ್ ಹಾಕಿ ತೋರಸ್ತೀನ್ರಿ. ಬೆಳಕು ನೆಲಕ್ಕ ಬೀಳ್ತೈತಿ, ನೋಡ್ರಿ” ಎಂದ. ಡಿಪ್ ಎಂದರೆ ಎದುರು ವಾಹನ ಬಂದಾಗ ಬೆಳಕನ್ನು ಕೆಳಗಿಳಿಸುವುದು ಎಂದು ಓದುಗರಿಗಾಗಿ ಹೇಳುತ್ತೇನೆ. ನಿಮಗೆ ಗೊತ್ತಿದೆ ಎಂದು ನಂಬುತ್ತೇನೆ. “ಇಂಥಾ ಬಿಸಿಲಾಗ ಏನ್ ತೋರಸ್ತೀಯೋ ಮಾರಾಯ? ಮ್ಯಾಲಿನ ಅರ್ಧ ಬಳೀರಿ ಅಂದಾರ, ಬಳೀತೀನಿ” ಎಂದರು ಅವರು. ಬಳಿದರು. ನೀವು ಬೇವಿನ ಮರದ ನೆರಳಲ್ಲಿ ಜೀಪಿನೊಳಗಿದ್ದಿರಿ.

ಅರ್ಧ ದೀಪ ಮುಚ್ಚಿದರೆ ಅರ್ಧ ಬೆಳಕಾದರೂ ಉಳಿಯಬೇಕಲ್ಲ ಎಂಬುದು ನಿಮ್ಮ ಲೆಕ್ಕವಿರಬೇಕು. ಮೊದಲು ನನ್ನ ಲೆಕ್ಕವೂ ಅದೇ ಆಗಿತ್ತು. ಅಪಘಾತದ ನಂತರ ನಮ್ಮ ಓಣಿಯವರೊಬ್ಬರ ಕಾರಿನ ಇಂಥದೇ ದೀಪದ ಮೇಲೆ ಒದ್ದೆ ಪತ್ರಿಕೆ ಅಂಟಿಸಿ ನೋಡಿದೆ. ಗಾಜಿನ ಕೆಳಗಿನ ಅರ್ಧ ಮುಚ್ಚಿದೆ. ಡಿಪ್ ಬೆಳಕು ಗೋಡೆಯ ಮೇಲೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಮೇಲಿನ ಅರ್ಧ ಮುಚ್ಚಿದೆ, ಡಿಪ್ ಸತ್ತೇಹೋಯಿತು. ಏಕೆಂದರೆ ಈ ಬಲ್ಬಿನೊಳಗೆ ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲಿದೆ. ಅದು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ. ಉಳಿದ ಬೆಳಕು ಕನ್ನಡಿಯ ಮೇಲರ್ಧಕ್ಕೆ ಬಡಿದು, ಗಾಜಿನ ಮೇಲರ್ಧದಿಂದಲೇ ಹೊರಬಂದು ನೆಲಕ್ಕೆ ಬೀಳುತ್ತದೆ. ಎದುರಿನವರ ಕಣ್ಣಿಗೆ ಬಡಿಯುವ ಅಪ್ಪರ್ ಬೆಳಕಾದರೋ ಇಡೀ ಗಾಜಿನಿಂದ ಬರುತ್ತದೆ, ನೀವು ಬಳಿದ ಮೇಲೂ ಅದು ಅರ್ಧ ಉಳಿಯುತ್ತದೆ. ಅಂದರೆ ಸಭ್ಯರ ಬೆಳಕನ್ನು ಕೊಂದು ಪುಂಡರ ಬೆಳಕನ್ನು ಉಳಿಸಿದಿರಿ. ಬಣ್ಣ ಬಳಿಸಿಕೊಂಡ ಲಾರಿಗಳೆಲ್ಲ ಈಗ ಡಿಪ್ ಹಾಕುವುದನ್ನೇ ಬಿಟ್ಟು ಅಪ್ಪರ್‌ನಲ್ಲಿ ಓಡುತ್ತಿವೆ. ಪಾಪ, ಅವರೇನು ಮಾಡಿಯಾರು?

ಅಂಥದೇ ಒಂದು ಲಾರಿ ಅಪಘಾತದ ದಿನ ಸಂಜೆಗತ್ತಲಲ್ಲಿ ನಮ್ಮ ಎದುರು ಬಂತು. ಬಣ್ಣ ಬಳಿದ ಮೇಲೆ ನಾವು ಕತ್ತಲಲ್ಲಿ ಕಾರು ತೆಗೆದದ್ದು ಅದೇ ಮೊದಲು. ಹರಪನಹಳ್ಳಿ ಕಡೆಯಿಂದ ಚಿಗಟೇರಿ ದಾಟಿ ಕೊಟ್ಟೂರಿಗೆ ಮರಳುತ್ತಿದ್ದೆವು. ಹಿಂದೆ ನೀಲಗಂಗಮ್ಮ ಮತ್ತು ಅವಳ ತಾಯಿ ನಾಗಲಿಂಗಮ್ಮ. ಇದು ಹುರುಳಿ ಒಕ್ಕುವ ಕಾಲ. ಈಗ ಡಾಂಬರು ರಸ್ತೆಯೇ ನಮ್ಮ ಕಣ, ಬಸ್ಸು ಲಾರಿಗಳೇ ರೋಣಗಲ್ಲು. ಸಂಜೆಯಾದರೆ ಹುರುಳಿಯನ್ನು ರಸ್ತೆಯ ಬದಿಗೆ ಗುಡ್ಡೆ ಮಾಡಿ, ಕರಿ ತಾಡಪಾಲು ಹೊದಿಸಿ, ಸುತ್ತ ಕಲ್ಲಿಡುತ್ತಾರೆ. ಸರಿಯೋ ತಪ್ಪೋ, ಇಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬನಿಗೂ ಇದು ಗೊತ್ತು. ಮಾರಣ್ಣ ಹುಟ್ಟಿದಾಗಿನಿಂದ ಬಲ್ಲ. ಅದಕ್ಕೆಂದೇ ಆತ ಎಡಗಡೆಯ ಅಂಚಿನ ಮೇಲೆ ಕಣ್ಣಿಟ್ಟಿದ್ದ. ಲಾರಿ ಕಂಡಾಗ ವೇಗ ತಗ್ಗಿಸಿ, ಎಂದಿನಂತೆ ಮರ್ಯಾದೆಯಿಂದ ಡಿಪ್ ಹಾಕಿದ. ನಮ್ಮ ಮುಂದಿದ್ದ ರಸ್ತೆಯೇ ಮಾಯವಾಯಿತು. ಚಕ್ರ ಕಲ್ಲು ಹತ್ತಿ, ಕಾರು ಪಕ್ಕದ ಗುಂಡಿಗಿಳಿದು ವಾಲಿ ನಿಂತಿತು. ನಾಗಲಿಂಗಮ್ಮನ ಬಲಗೈ ಮುರಿಯಿತು.

ಹುರುಳಿಯ ಒಡತಿ ಭರಮಮ್ಮ ಹೊಲದಿಂದ ಕೂಗುತ್ತಲೇ ಓಡಿಬಂದಳು. “ನಿನ್ನ ಕಣ್ಣಾಗ ಏನ್ ಮಣ್ಣು ಬಿದ್ದಿತ್ತೇನೋ? ಇಷ್ಟ್ ದೊಡ್ಡ ಗುಡ್ಡಿ ಕಾಣಲಿಲ್ಲೇನು?”

“ಕಾಣಲಿಲ್ಲವ್ವಾ” ಎಂದ ಮಾರಣ್ಣ. “ದೀಪ ಒಂದಿಟು ನೋಡು.”

ಆಕೆ ಬಗ್ಗಿ ನೋಡಿದಳು. “ಯಾರ್ ಇದಕ್ಕ ಕಾಡಿಗಿ ಹಚ್ಚಿದೋರು?”

ತಾಯಿಯ ಕೈ ಹಿಡಿದು ಕುಳಿತಿದ್ದ ನೀಲಗಂಗಮ್ಮ ಆ ನೋವಿನಲ್ಲೂ, “ದಿಟ್ಟಿ ತಾಗಬಾರದು ಅಂತ ಸರ್ಕಾರದೋರು ಹಚ್ಯಾರವ್ವ” ಎಂದಳು. ಭರಮಮ್ಮ ಮತ್ತೆ ಬೈಯಲಿಲ್ಲ. ನೀರು ತಂದು ಕುಡಿಸಿದಳು, ತನ್ನ ಸೆರಗು ಹರಿದು ಕೈಗೆ ಕಟ್ಟಿದಳು. ಕಲ್ಲಿಟ್ಟವಳಿಗೆ ಅರ್ಥವಾದದ್ದು ಸ್ಥಳಕ್ಕೆ ಬಂದ ನಿಮ್ಮ ಇನ್‌ಸ್ಪೆಕ್ಟರರಿಗೆ ಅರ್ಥವಾಗಲಿಲ್ಲ. ಅವರ ವರದಿಯಲ್ಲಿ ಹ್ಯಾಲೊಜೆನ್ ಬಲ್ಬು ಇದೆ, ರಿಲೇ ಇದೆ, ದಪ್ಪ ವೈರೂ ಇದೆ. ಗಾಜಿನ ಮೇಲೆ ಅಂಗೈಯಗಲ ಬಳಿದ ಕರಿ ಬಣ್ಣ ಮಾತ್ರ ಇಲ್ಲ. ಬಾನೆಟ್ ಎತ್ತಿ ನೋಡಿದವರಿಗೆ ಬಾನೆಟ್ಟಿನ ಮುಂದಿರುವುದು ಕಾಣಲಿಲ್ಲವೇ?

‘ತಪ್ಪಾಯಿತು ಎಂದು ಬರೆದುಕೊಟ್ಟರೆ ಅಮಾನತು ಕೆಲವೇ ತಿಂಗಳಿಗೆ ಮುಗಿಯುತ್ತದೆ’ ಎಂದು ನಿಮ್ಮ ಕಚೇರಿಯ ಬಾಗಿಲಲ್ಲಿ ಹಿತವಚನ ಸಿಕ್ಕಿತು. ಮಾರಣ್ಣ ಒಪ್ಪಿಯೇಬಿಟ್ಟಿದ್ದ. “ಹೋಗ್ಲಿ ಬಿಡ್ರಿ ಸಾವ್ಕಾರ್ರ, ದೊಡ್ಡೋರ ಕೂಡ ನಮಗ್ಯಾಕ?” ಅವನ ಹೆಂಡತಿ ಚೌಡಕ್ಕ ಒಪ್ಪಲಿಲ್ಲ. “ಮಾಡದ ತಪ್ಪಿಗೆ ಹೆಬ್ಬಟ್ಟು ಒತ್ತಿದ್ರ, ನಾಳಿ ನಿನ್ನ ಗಾಡ್ಯಾಗ ಯಾರ್ ಕುಂದರ್ತಾರ? ಮುದುಕಿ ಕೈ ಮುರಿದೋನು ಅಂತ ಸಾಯೋತನ ಅನ್ನಿಸ್ಕೋತೀಯೇನು?” ಎಂದಳು. ಆಕೆಯ ಮಾತೇ ಸರಿ. ಚಾಲಕನಿಗೆ ಲೈಸೆನ್ಸು ಹೋದರೆ ಮತ್ತೆ ಬಂದೀತು. ಅವನ ಹಿಂದೆ ನಂಬಿ ಕೂರುವ ಜನ ಹೋದರೆ ಯಾವ ಕಚೇರಿ ತಂದುಕೊಡುತ್ತದೆ? ಮಾರಣ್ಣ ಕ್ಷಮೆ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ನಾವು ಕೇಳುವುದು ಬೇರೆ. ವಿಚಾರಣೆಯನ್ನು ಬರುವ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಇಟ್ಟಿದ್ದೀರಿ. ದೀಪದ ವಿಚಾರಣೆಯನ್ನು ಬಿಸಿಲಿನಲ್ಲಿ ಮಾಡಬೇಡಿ. ಹೊತ್ತು ಮುಳುಗಿದ ಮೇಲೆ ಇಡಿ. ಕಾರು ರಿಪೇರಿಯಾಗಿದೆ, ದೀಪಗಳ ಗಾಜು ಒಡೆದಿರಲಿಲ್ಲ. ನಿಮ್ಮ ಕಚೇರಿಯ ಆವರಣದ ಗೋಡೆಯ ಮುಂದೆ ತಂದು ನಿಲ್ಲಿಸುತ್ತೇವೆ. ಹಿಂದಿನ ಸೀಟಿನಲ್ಲಿ ಕೂರಲು ಭರಮಮ್ಮನೂ ಒಪ್ಪಿದ್ದಾಳೆ. ಚಾಲಕನ ಜಾಗದಲ್ಲಿ ನೀವು ಕುಳಿತು, ನಿಮ್ಮ ಕೈಯಿಂದಲೇ ಡಿಪ್ ಹಾಕಿ. ಎಡಗಡೆಯ ದೀಪವನ್ನು ನೀವು ಬಳಿಸಿದಂತೆಯೇ ಬಿಟ್ಟಿದ್ದೇನೆ. ಬಲಗಡೆಯದನ್ನು ಸೀಮೆಎಣ್ಣೆ ಹಾಕಿ, ಬ್ಲೇಡಿನಿಂದ ಕೆರೆದು, ಒರೆಸಿ ಸ್ವಚ್ಛ ಮಾಡಿದ್ದೇನೆ. ಸರ್ಕಾರಿ ಬಣ್ಣ ಅಳಿಸುವುದು ಅಪರಾಧವಾದರೆ ಅದನ್ನು ಮಾಡಿದವನು ಮಾರಣ್ಣನಲ್ಲ, ನಾನು. ಆ ನೋಟಿಸನ್ನು ನನ್ನ ಹೆಸರಿಗೆ ಕಳಿಸಿ.

ಇಂತಿ,
ತಮ್ಮ ಸುರಕ್ಷತಾ ಸಪ್ತಾಹದ ಫಲಾನುಭವಿ,
ಗುರುಬಸವರಾಜ
ಜವಳಿ ವ್ಯಾಪಾರಿ, ಕೊಟ್ಟೂರು