ಕೆಳಗಿನಿಂದ ತೆಗೆಯಬೇಕಾದ ಫೋಟೋ

ಬುಧವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಪುಟ್ಟಿಗೆ,

ಅಜ್ಜಿಯ ಮುತ್ತು. ಬೈಗುಳ ಹಿಂದಿನಿಂದ ಬರುತ್ತಿದೆ, ಮೊದಲು ಮುತ್ತು ತೆಗೆದುಕೋ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು, "ಅಜ್ಜಿ, ಅಪ್ಪನ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡು" ಅನ್ನುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಹಳ್ಳಿಯ ಮೇಷ್ಟ್ರು ನನಗೆ ಕಲಿಸಿದ್ದೇ ಅಷ್ಟು.

ನಿನ್ನ ಅಪ್ಪ ಅಷ್ಟು ವರ್ಷ ರಜಾದಿನಗಳನ್ನೆಲ್ಲ ಸುರಿದು ಆ ಹಳೇ ಬಾಂಬರ್ ವಿಮಾನವನ್ನು ರಿಪೇರಿ ಮಾಡಿ ನಿಲ್ಲಿಸಿದ. ಅದರ ಫೋಟೋ ತೆಗೆದುಕೊಂಡು ಬಾ ಎಂದು ನಿನ್ನ ಪತ್ರಿಕೆಯವರು ನಿನಗೇ ಹೇಳಿದರು. ಮಗಳೇ ಬರುತ್ತಾಳೆಂದು ಅವನು ಶರ್ಟಿಗೆ ಇಸ್ತ್ರಿ ಹಾಕಿಸಿಟ್ಟಿದ್ದ. ನೀನು ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ಅಜ್ಜಿ ಮನೆ ಬೀಳಿಸಿದ ಯಂತ್ರಕ್ಕೆ ಪಾಲಿಶ್ ಹಚ್ತಾ ಕೂತಿದ್ದೀಯಲ್ಲಪ್ಪ, ನಾಚಿಕೆ ಆಗಲ್ವಾ? ಅದರ ಫೋಟೋ ನಾನು ತೆಗೆಯಲ್ಲ" ಎಂದು ಎದ್ದು ಹೋದೆ. ಅವನು ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಇದ್ದ. ಅದನ್ನು ನೀನು ಹಟ ಎಂದುಕೊಂಡೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ನನ್ನ ಪರವಾಗಿ ಜಗಳ ಆಡಿದೆನೆಂದು ನಿನಗೆ ಹೆಮ್ಮೆ. ನನ್ನ ಜಗಳ ನಾನು ಆಡಿಕೊಳ್ಳುತ್ತೇನೆ ತಾಯಿ, ನಾಲಿಗೆಗೆ ಇನ್ನೂ ತುಕ್ಕು ಹಿಡಿದಿಲ್ಲ.

ಈಗ ಕೇಳು. ನಮ್ಮ ಮನೆ ಬೀಳಿಸಿದ್ದು ಅಂಥ ವಿಮಾನವೇ ಎಂದು ಅವನಿಗೆ ಗೊತ್ತಾದದ್ದೇ ಅವತ್ತು, ನಿನ್ನ ಬಾಯಿಂದ.

ಅವನು ಚಿಕ್ಕವನಿದ್ದಾಗ ವಿಮಾನದ ಕಥೆ ಹೇಳು ಎಂದು ಸೆರಗು ಹಿಡಿದು ಕಾಡುತ್ತಿದ್ದ. ಮಲಗುವ ಮಗುವಿಗೆ ಹೆಣದ ಕಥೆ ಹೇಳಲಾಗುತ್ತದೆಯೇ? ಬೆಳ್ಳಿಯ ಹಾಗೆ ಹೊಳೆಯುತ್ತಾ ಮೋಡದಿಂದ ಇಳಿಯುತ್ತಿತ್ತು, ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನನ್ನ ತಮ್ಮ ಜ್ವರ ಬಂದು ಹೋದ ಅಂದಿದ್ದೆ. ನೀನು ಕೇಳುವ ಹೊತ್ತಿಗೆ ಕ್ಯಾಮೆರಾ ಹೆಗಲಿಗೇರಿಸಿದ ದೊಡ್ಡವಳು. ನಿನಗೆ ಯುದ್ಧದಲ್ಲಿ ಬಾಂಬು ಬಿದ್ದು ಮನೆಯ ಗೋಡೆ ಕುಸಿದದ್ದನ್ನೂ, ಅದರಡಿಯಲ್ಲಿ ತಮ್ಮ ಹೋದದ್ದನ್ನೂ ಹೇಳಿದೆ. ಹೊಳೆದದ್ದನ್ನು ಬಿಟ್ಟೆ. ಎರಡೂ ನಿಜವೇ. ಈಗ ಅಪ್ಪ ಮಗಳು ನಿಮ್ಮ ನಿಮ್ಮ ಪಾಲಿನ ಕಥೆ ಹಿಡಿದುಕೊಂಡು ಬಡಿದಾಡುತ್ತಿದ್ದೀರಿ. ನಾನೇನೂ ಪಶ್ಚಾತ್ತಾಪ ಪಡುತ್ತಾ ಕೂತಿಲ್ಲ. ಇನ್ನೊಂದು ಮಗು ತೊಡೆಯ ಮೇಲೆ ಬಂದು ಕೂತರೂ ಹಾಗೇ ಹೇಳುವವಳು ನಾನು.

ಆದರೆ ಬರುವ ಸೋಮವಾರ ಅದರ ರೆಕ್ಕೆ ಬಿಚ್ಚಿ, ಲಾರಿಗೆ ಹೇರಿ ದೂರದ ಮ್ಯೂಸಿಯಂಗೆ ಒಯ್ಯುತ್ತಾರೆ. ಅಲ್ಲಿ ಹಗ್ಗ ಕಟ್ಟಿ, ನೋಡಲು ಬಂದವರನ್ನು ದೂರ ನಿಲ್ಲಿಸುತ್ತಾರಂತೆ. ಅದಕ್ಕೇ ನಿನ್ನೆ ನಾನೇ ಹೊರಟೆ. "ನನ್ನ ಸೊಸೆಗಿಂತ ಹೆಚ್ಚು ಮುದ್ದು ಮಾಡ್ತೀಯಲ್ಲ, ಆ ಮಹಾರಾಣಿನ ತೋರಿಸು ನಡಿ" ಅಂದೆ. ಅವನು ನಗಲಿಲ್ಲ.

ಶೆಡ್ಡು ನಮ್ಮ ಬೀದಿಗಿಂತ ಅಗಲ. ಗ್ರೀಸು, ಹೊಸ ಬಣ್ಣ, ಒದ್ದೆ ಸಿಮೆಂಟಿನ ವಾಸನೆ. ಎಂಜಿನ್ನುಗಳ ಕೆಳಗೆ ಸೋರುವ ಎಣ್ಣೆಗೆ ತಟ್ಟೆ ಇಟ್ಟಿದ್ದರು. "ಇಷ್ಟು ವಯಸ್ಸಾದ್ರೂ ಇದಕ್ಕೆ ಕೆಳಗೆ ಬಟ್ಟೆ ಹಾಸ್ಬೇಕಾ?" ಅಂದೆ. ಬಣ್ಣ ಹೊಡೆದ ಪೇಂಟರ್, "ಸೋರಿದ್ರೆ ಒಳ್ಳೇದೇ ಅಜ್ಜಿ. ಸೋರೋದು ನಿಂತ್ರೆ ಒಳಗೆ ಎಣ್ಣೆ ಇಲ್ಲ ಅಂತ" ಅಂದ.

ನಿನ್ನ ಬದಲಿಗೆ ಪತ್ರಿಕೆಯವರು ಕಳಿಸಿದ ಫೋಟೋಗ್ರಾಫರೂ ಅಲ್ಲಿದ್ದ. ವಿಮಾನದ ಗಾಜಿನ ಮೂಗಿನ ಫೋಟೋ ತೆಗೆದ, ರೆಕ್ಕೆಯದನ್ನೂ ತೆಗೆದ, ಹೊಳೆಯುವ ಪಕ್ಕೆಯ ಬಳಿ ನಿನ್ನ ಅಪ್ಪನನ್ನು ಇಸ್ತ್ರಿ ಶರ್ಟಿನಲ್ಲಿ ನಿಲ್ಲಿಸಿ ತೆಗೆದ. ಬಾಂಬು ಬೀಳಿಸಲೆಂದು ವಿಮಾನದ ಹೊಟ್ಟೆಯಲ್ಲಿರುವ ಬಾಗಿಲುಗಳು ಜೋತುಬಿದ್ದಿದ್ದವು. ಯಂತ್ರ ತುಂಬ ಹೊತ್ತು ಸುಮ್ಮನೆ ನಿಂತರೆ ಎಣ್ಣೆಯ ಒತ್ತಡ ಇಳಿದು ತಾವೇ ಹಾಗಾಗುತ್ತವಂತೆ. "ಇದು ಚೆನ್ನಾಗಿ ಕಾಣಲ್ಲ, ಮುಚ್ಚಿಬಿಡಿ ಸಾರ್" ಅಂದ ಫೋಟೋಗ್ರಾಫರ್. ನಿನ್ನ ಅಪ್ಪ ಮುಚ್ಚಲು ಹೋದ.

"ಇರು. ಮುಚ್ಚಬೇಡ, ಪೂರ್ತಿ ತೆಗಿ" ಅಂದೆ ನಾನು.

ಮೆಕ್ಯಾನಿಕ್ಕುಗಳು ಮಲಗಿ ಕೆಲಸ ಮಾಡುವ ಚಕ್ರದ ಹಲಗೆ ಇತ್ತಲ್ಲ, ಅದರ ಮೇಲೆ ಮಲಗಿಸು ಅಂದೆ. "ಅಮ್ಮ, ನಿನ್ನ ಸೊಂಟ" ಅಂದ. "ಸೊಂಟ ನಂದು, ನಿಂಗ್ಯಾಕೆ ನೋವು" ಅಂದೆ. ಕೊನೆಗೆ ಅವನೇ ತೋಳು ಕೊಟ್ಟು ಮಲಗಿಸಿ, ಮೆಲ್ಲಗೆ ಹೊಟ್ಟೆಯ ಅಡಿಗೆ ತಳ್ಳಿದ.

ಬಾಂಬು ಬಿದ್ದ ದಿನ ಹಳ್ಳದಲ್ಲಿ ಅಡಗಿ, ಅಂಗಾತ ಬಿದ್ದು ನಾನು ನೋಡಿದ್ದು ಅದೇ, ಪುಟ್ಟಿ. ಸುತ್ತ ಹೊಳಪು, ನಡುವೆ ಉದ್ದನೆಯ ಕತ್ತಲು. ಒಳಗೆ ಬಾಂಬು ನೇತುಹಾಕುವ ಕೊಕ್ಕೆಗಳು ಸಾಲಾಗಿದ್ದವು, ಖಾಲಿ. ನಿನ್ನ ಅಪ್ಪ ಯಾರಿಗೂ ಕಾಣದ ಆ ಕೊಕ್ಕೆಗಳಿಗೂ ಎಣ್ಣೆ ಹಚ್ಚಿದ್ದಾನೆ. "ಇಲ್ಲಿಂದಾನೇ ಬಿದ್ದಿದ್ದು" ಅಂದೆ. ನನಗೆ ಮುಖ ಕಾಣುತ್ತಿರಲಿಲ್ಲ, ಅವನ ಬೂಟು ಮಾತ್ರ ಕಾಣುತ್ತಿತ್ತು. ಆಮೇಲೆ ಆ ಇಸ್ತ್ರಿ ಶರ್ಟಿನಲ್ಲೇ ಬಂದು, ಎಣ್ಣೆ ನೆಲದ ಮೇಲೆ ನನ್ನ ಪಕ್ಕ ಮಲಗಿದ. ನನ್ನ ತಮ್ಮನ ಹೆಸರು ಕೇಳಿದ. ಹೇಳಿದೆ. ಇಬ್ಬರೂ ಹಾಗೇ ಮೇಲೆ ನೋಡುತ್ತಾ ಮಲಗಿದ್ದೆವು. ಫೋಟೋಗ್ರಾಫರ್ ಅಷ್ಟರಲ್ಲಿ ಸ್ಟ್ಯಾಂಡು ಮಡಚಿಕೊಂಡು ಹೊರಟಿದ್ದ.

ಆ ಫೋಟೋ ನನಗೆ ಬೇಕು. ಬಾಗಿಲು ಪೂರ್ತಿ ತೆರೆದು, ನೆಲದಲ್ಲಿ ಮಲಗಿ ತೆಗೆದದ್ದು. ಅದನ್ನು ಓಡಿಸಿದವರು ಹಾಗೆ ನೋಡಿಲ್ಲ, ನಾವು ಮಾತ್ರ ನೋಡಿದ್ದು. ನೀನು ತೆಗೆಯದಿದ್ದರೆ ಅದು ಬರೀ ಹೊಳೆಯುತ್ತಾ ಮ್ಯೂಸಿಯಂಗೆ ಹೋಗುತ್ತದೆ. ಹೊಳಪನ್ನೂ ಬಿಡಬೇಡ, ಇದ್ದದ್ದು ಇದ್ದ ಹಾಗೆ ಬರಲಿ. ಹಳೇ ಪ್ಯಾಂಟು ಹಾಕಿಕೊಂಡು ಬಾ.

ಸರಿಯಾಗಿ ಉಣ್ಣು. ಹೋದ ಸಲ ಬಂದಾಗ ಕ್ಯಾಮೆರಾದ ಪಟ್ಟಿ ನಿನಗಿಂತ ದಪ್ಪ ಕಾಣುತ್ತಿತ್ತು.

ನಿನ್ನನ್ನು ಬೈಯುವ ಹಕ್ಕು ಯಾರಿಗೂ ಬಿಟ್ಟುಕೊಡದ,
ನಿನ್ನ ಅಜ್ಜಿ

ಮರೆತಿದ್ದೆ: ಲಕೋಟೆಯ ಮೇಲೆ ಸ್ಟಾಂಪು ಇಲ್ಲ, ಗಮನಿಸಿದೆಯಾ? ಬಾಗಿಲ ಸಂದಿಯಲ್ಲಿ ತೂರಿಸಿ, ನೀನು ಓದಿ ಮುಗಿಸುವ ತನಕ ಮೆಟ್ಟಿಲ ಮೇಲೆ ಕೂತಿರು ಎಂದು ನಿನ್ನ ಅಪ್ಪನಿಗೆ ಹೇಳಿ ಕಳಿಸಿದ್ದೇನೆ. ಏನು ಬರೆದಿದ್ದೀಯ ಅಂತ ಕೇಳಿದ. ಮಂಡಿನೋವಿಗೆ ಮುಲಾಮು ತರಿಸೋಕೆ ಅಂದೆ. ನಂಬಿದವನ ಹಾಗೆ ತಲೆಯಾಡಿಸಿ, ಹೋಗಿ ಮುಖ ತೊಳೆದು ತಲೆ ಬಾಚಿಕೊಂಡು ಬಂದ. ಅಷ್ಟು ಮಹಡಿ ಹತ್ತಿ ಬಂದಿದ್ದಾನೆ. ಬಾಗಿಲು ತೆಗೆದು ಮೊದಲು ಒಂದು ಲೋಟ ನೀರು ಕೊಡು.