ಮದರಾಸಿನ ಫುಟ್‌ಪಾತಿನಲ್ಲಿ ಹುಲಿ

ಮದರಾಸು, ಜನವರಿ 1994

ಅವ್ವಾ,

ನಾನೂ ಅಪ್ಪನೂ ಚೆನ್ನಾಗಿದೀವಿ. ಅಪ್ಪನ ಕೆಮ್ಮು ವಾಸಿ. ಇಲ್ಲಿ ಮುದ್ದೆ ಸಿಕ್ಕಲ್ಲ, ಅದಕ್ಕೆ ನಂಗೆ ಸಿಟ್ಟು. ಸಂಗೀತ ಸಭೆಯೋರು ನಮ್ಮ ಕಂಸಾಳೆನ ಇಷ್ಟು ದೂರ ಕರೆಸ್ಕೊಂಡು, ಹತ್ತು ನಿಮಿಷಕ್ಕೇ ಸಾಕು ಅಂತ ಪರದೆ ಎಳುದ್ಬುಟ್ರು. ಅದಕ್ಕೂ ಸಿಟ್ಟು.

ಅಲ್ಲಿಂದ ಬರುವಾಗ ಒಬ್ಬ ಫುಟ್‌ಪಾತ್ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಅಯ್ಯಪ್ಪನ್ನ ಬರೀತಿದ್ದ, ಹುಲಿ ಮೇಲೆ ಕೂತಿರೋ ಹಂಗೆ. ಜನ ಕಾಸು ಹಾಕ್ತಿದ್ರು. ಅಪ್ಪ ಹುಲಿ ನೋಡಿದ್ದೇ "ಮಾದಪ್ಪಾ, ನಿನ್ನ ಹುಲಿ ಏರ್ಕೊಂಡು ಇಲ್ಲಿಗೂ ಬಂದ್ಯಾ" ಅಂದ್ಕೊಂಡು ಉದ್ದಕ್ಕೂ ಅಡ್ಡಬಿದ್ಬುಟ್ಟ. ಎದ್ದಾಗ ಅರ್ಧ ದೇವ್ರು ಅಪ್ಪನ ಅಂಗಿ ಮೇಲಿತ್ತು. ಬರೆದೋನು ತಲೆ ಮೇಲೆ ಕೈ ಇಟ್ಕೊಂಡು ಕೂತ. ಅವತ್ತಿನ ಅವನ ಅನ್ನ ಅದೇ ಕಣವ್ವ.

"ಅದು ಅಯ್ಯಪ್ಪ ಕಣಪ್ಪೋ, ಕಣ್ಣು ಕಾಣಲ್ವಾ ನಿಂಗೆ" ಅಂತ ಬೀದೀಲೇ ಬೈದೆ.

"ಹುಲಿ ನಮ್ದೇ ಅಲ್ವೇನ್ಲಾ" ಅಂದ ಅಪ್ಪ.

ಆಮೇಲೆ ಚಪ್ಪಲಿ ಬುಟ್ಟು ಅಲ್ಲೇ ಕೂತ್ಕೊಂಡು ಕಂಸಾಳೆ ಹಿಡಿದು ಹಾಡ್ದ. ನಾನು ದಮ್ಮಡಿ ಬಡಿದೆ. ಜನ ಸೇರುದ್ರು, ಯಾರೂ ಸಾಕು ಅನ್ನಲಿಲ್ಲ. ಬಿದ್ದ ಕಾಸೆಲ್ಲ ಅಪ್ಪ ಆ ಚಿತ್ರದೋನ ಟವೆಲ್ಲಿಗೇ ಸುರಿದ. ಅವನು ಕಣ್ಣೊರೆಸ್ಕೊಂಡು ಹೊಸದಾಗಿ ಹುಲಿ ಬರೆದ. ತಾಳವಾಡಿ ಸಂತೇಲಿ ಕಲ್ತ ತಮಿಳಲ್ಲಿ ಅಪ್ಪ ಹೇಳ್ತಾ ಹೋದ, ಅವನು ಹಂಗೇ ನಮ್ಮ ಮಾದಪ್ಪನ್ನ ಮೇಲೆ ಕೂರಿಸ್ದ. ಸಾಯಂಕಾಲದ ತಂಕ ಅದ್ರ ಪಕ್ಕ ಕಾವಲು ಕೂತಿದ್ದೋನು ನಾನೇ, ಯಾರೂ ತುಳೀಬಾರ್ದು ಅಂತ.

ಅಪ್ಪ ಆ ಅಂಗಿ ಒಗ್ಯಕ್ಕೆ ಬುಡ್ತಿಲ್ಲ. ಮನೆಗೆ ಬಂದಾಗ ನೋಡಿ ಬೈಬೇಡ, ನಾನೇ ಬೈದಾಯ್ತು. ಕಾರ್ಡು ತುಂಬೋಯ್ತು.

ಶಿವಮಲ್ಲು